ಹಲ್ಲಿನ ಮೇಲೊಂದು ಆವಿಗೆ

ಡೊಂಬಿವಲಿ ಪೂರ್ವದಲ್ಲಿ ರೈಲಿಳಿದು ಫಡಕೆ ರೋಡ್ ಹಿಡಿದು ನಡೆದರೆ 'ದಾತಾಂಚಾ ದವಾಖಾನಾ' ಎಂಬ ಹಲ್ಲಿನಾಸ್ಪತ್ರೆ ಬೋರ್ಡುಗಳಿಗೆ ಬರವಿಲ್ಲ. ಈಚೆಗೆ ಕೆಲವುಗಳ ಕೆಳಗೆ 'ಲೇಸರ್' ಎಂಬ ಪದವೂ ಸೇರಿಕೊಂಡಿದೆ. ಲೇಸರ್ ಅಂದಮೇಲೆ ಹಲ್ಲಿಗೇ ಏನೋ ಮಾಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಸಣ್ಣ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಡಯೋಡ್ ಲೇಸರ್, ಒಸಡಿನ ಕೆಲಸಕ್ಕೆ ಬರುವಂಥದ್ದು. ಎನಾಮಲ್ ಅದನ್ನು ಹೀರಿಕೊಳ್ಳುವುದು ತೀರಾ ಕಡಿಮೆ. ಕಿಟಕಿಯ ಗಾಜಿನ ಮೇಲೆ ಬಿದ್ದ ಬಿಸಿಲಿನಂತೆ ದಾಟಿ ಹೋಗುತ್ತದೆ. ಎನಾಮಲ್ಲಿನ ಒಳರಚನೆಯನ್ನೇ ಬದಲಿಸುವ ಲೇಸರುಗಳ ಜಾತಿ ಬೇರೆ.

ಮೊದಲು ಎನಾಮಲ್ ಎಂದರೇನೆಂದು ನೋಡೋಣ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ, ಉಳಿದದ್ದು ನೀರು ಮತ್ತು ಚೂರುಪಾರು ಪ್ರೋಟೀನು. ಸುಮಾರು 5 ಮೈಕ್ರಾನ್ ದಪ್ಪದ ಕಡ್ಡಿಗಳು ಒಳಗಿನ ಡೆಂಟಿನ್ನಿನಿಂದ ಮೇಲ್ಮೈವರೆಗೆ, ಬಿಗಿದು ಕಟ್ಟಿದ ಹಿಡಿಸೂಡಿಯ ಹಾಗೆ, ಒತ್ತೊತ್ತಾಗಿ ನಿಂತಿರುತ್ತವೆ. ಇದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವಷ್ಟರಲ್ಲಿ ಇಲ್ಲವಾಗಿರುತ್ತವೆ. ಹಾಗಾಗಿ ಸವೆದರೆ ಮತ್ತೆ ಕಟ್ಟುವ ಮೇಸ್ತ್ರಿ ಇಲ್ಲ.

ಈ ಗಟ್ಟಿ ಗೋಡೆಯಲ್ಲೂ ಒಂದು ಕಲಬೆರಕೆ ಇದೆ. ಎನಾಮಲ್ಲಿನ ಖನಿಜವಾದ ಹೈಡ್ರಾಕ್ಸಿಅಪಟೈಟ್ ಹರಳಿನೊಳಗೆ ಕಾರ್ಬೊನೇಟ್ ನುಸುಳಿ ಕೂತಿರುತ್ತದೆ. ಆಮ್ಲ ಮೊದಲು ಕೈಹಾಕುವುದು ಅಲ್ಲಿಗೇ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಕರಗುವುದು ಶುರು. ವಡಾಪಾವ್ ಜೊತೆಯ ಸಿಹಿ ಚಟ್ನಿಯನ್ನು ಬ್ಯಾಕ್ಟೀರಿಯಾಗಳು ಹುಳಿಯಾಗಿಸಿ ಅಷ್ಟು ಕೆಳಗಿಳಿಸುತ್ತವೆ. ಸಕ್ಕರೆ ಹಾಕಿದ ಕೋಕಂ ಶರಬತ್ತಿಗಂತೂ ಹುಳಿ ಹುಟ್ಟಿನಿಂದಲೇ ಬಂದದ್ದು.

ಹಸಿ ಮಡಕೆಗೆ ನೀರು ಹೊಯ್ದರೆ ಕರಗುತ್ತದೆ. ಆವಿಗೆಯಲ್ಲಿ ಬೆಂದ ಮಡಕೆ ನೀರನ್ನು ಹಿಡಿದಿಡುತ್ತದೆ. ಮಣ್ಣು ಅದೇ, ಬದಲಾದದ್ದು ಒಳಕಟ್ಟು. ಲೇಸರ್ ಎನಾಮಲ್ಲಿಗೆ ಮಾಡುವುದೂ ಇಂಥದ್ದೇ. ಮೇಲ್ಪದರ ಕೆಲವು ನೂರು ಡಿಗ್ರಿ ಕಾದರೆ ಮೊದಲು ನೀರು, ಹಿಂದೆಯೇ ಕಾರ್ಬೊನೇಟ್ ಹೊರಬೀಳುತ್ತವೆ. ಸಾವಿರ ಡಿಗ್ರಿ ದಾಟಿದರೆ ಹರಳುಗಳೇ ಕರಗಿ, ತಣಿಯುವಾಗ ಇನ್ನೂ ದೊಡ್ಡ ಹರಳುಗಳಾಗಿ ಬೆಸೆದುಕೊಳ್ಳುತ್ತವೆ. ಕಾದ ಪ್ರೋಟೀನು ಸಂದುಗಳನ್ನು ಮುಚ್ಚುತ್ತದೆ ಎಂಬ ವಾದವೂ ಇದೆ. ಅದರ ಮೇಲೆ ಫ್ಲೋರೈಡ್ ಹಚ್ಚಿದರೆ ಹಿಡಿತ ಹೆಚ್ಚು.

ಮೇಮನ್ ಎಂಬ ವಿಜ್ಞಾನಿ 1960ರಲ್ಲಿ ಮಾಣಿಕ್ಯದ ಲೇಸರ್ ಬೆಳಗಿಸಿದ ನಾಲ್ಕೇ ವರ್ಷಕ್ಕೆ ಸ್ಟರ್ನ್ ಮತ್ತು ಸೋಗ್ನೆಸ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಹಲ್ಲಿನತ್ತ ತಿರುಗಿಸಿದ್ದರು. ಅದರ ಶಾಖಕ್ಕೆ ಹಲ್ಲಿನೊಳಗಿನ ಜೀವಕ್ಕೇ ಅಪಾಯ. ಎನಾಮಲ್ಲಿಗೆ ಒಗ್ಗಿದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು ಅದೇ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಸಿ. ಕುಮಾರ್ ಎನ್. ಪಟೇಲ್: ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಅದರ 9.3 ಮತ್ತು 9.6 ಮೈಕ್ರಾನ್ ಬೆಳಕನ್ನು ಎನಾಮಲ್ಲಿನ ಫಾಸ್ಫೇಟ್ ಗಬಗಬನೆ ಹೀರುತ್ತದೆ. ಶಾಖ ಮೇಲ್ಪದರದಲ್ಲೇ ನಿಲ್ಲುತ್ತದೆ.

ನಿಲ್ಲಲೇಬೇಕು. ಒಳಗಿನ ತಿರುಳು 5.5 ಡಿಗ್ರಿ ಹೆಚ್ಚು ಕಾದರೂ ಕೆಲವು ಹಲ್ಲುಗಳು ಚೇತರಿಸಿಕೊಳ್ಳಲಿಲ್ಲವೆಂದು 1965ರಲ್ಲಿ ಕೋತಿಗಳ ಮೇಲಿನ ಪ್ರಯೋಗ ತೋರಿಸಿತ್ತು. ಮೇಲೆ ಸಾವಿರ, ಕೆಲವೇ ಮಿಲಿಮೀಟರು ಕೆಳಗೆ ಐದು! ಅದಕ್ಕೇ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ಮಿಡಿತಗಳಲ್ಲಿ ಬೆಳಕು ಬಿಡುವುದು.

ಎರ್ಬಿಯಂ ಲೇಸರಿನ ದಾರಿ ಬೇರೆ. ಅದರ 2.94 ಮೈಕ್ರಾನ್ ಬೆಳಕನ್ನು ಹೀರುವುದು ನೀರು. ಎನಾಮಲ್ಲಿನೊಳಗಿನ ನೀರು ತಟ್ಟನೆ ಆವಿಯಾಗಿ ಸಿಡಿದಾಗ ಖನಿಜವೂ ಚೂರಾಗಿ ಹಾರುತ್ತದೆ. ಸಾಸಿವೆ ಸಿಡಿದಂಥ ಟಪ್ ಟಪ್ ಸದ್ದು. ಒಣಗಿಸಿ ನೋಡಿದರೆ ಅಲ್ಲಿ ಹೊಳಪು ಸತ್ತು ಸುಣ್ಣದ ಬಿಳುಪು ಬಂದಿರುತ್ತದೆ. ಇದು ಕೊರೆಯುವ ಕೆಲಸ, ಬೇಯಿಸುವುದಲ್ಲ. ಹದ ತಪ್ಪಿದರೆ ಕೂದಲೆಳೆ ಬಿರುಕುಗಳೂ ಉಳಿಯುತ್ತವೆ. ಇನ್ನು ಹುಳುಕು ತಡೆಯಲೆಂದು ಹಲ್ಲು ಬೇಯಿಸುವುದು ನಮ್ಮ ಕಡೆ ವಾಡಿಕೆಗೆ ಬಂದಿಲ್ಲ. ಮಕ್ಕಳಿಗೆ ಫ್ಲೋರೈಡ್ ವಾರ್ನಿಷ್ಷೇ ಸಾಕು, ಅಗ್ಗವೂ ಹೌದು.

ಠಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿದರೆ ನೆರೂಳಿನಲ್ಲಿ ಡಿ.ವೈ. ಪಾಟೀಲ್, ತೇರ್ಣಾ, ಮುಂದೆ ಖಾರ್‌ಘರ್, ಕಾಮೋಠೆ ಎಂದು ನವಿ ಮುಂಬಯಿ ತುಂಬ ದಂತ ಕಾಲೇಜುಗಳು. ಲೇಸರಿನಲ್ಲಿ ಬೆಂದ ಎನಾಮಲ್ ಆಮ್ಲವನ್ನು ತಡೆಯುತ್ತದೆಯೇ ಎಂಬ ಪರೀಕ್ಷೆಗೆ ದಂತ ವಿದ್ಯಾರ್ಥಿಗಳು ಬಳಸುವುದು, ಕ್ಲಿಪ್ ಹಾಕಲೆಂದು ಕಿತ್ತ ಹುಳುಕಿಲ್ಲದ ಹಲ್ಲುಗಳನ್ನು. ಹಲ್ಲಿಗೆಲ್ಲ ಉಗುರುಬಣ್ಣ ಬಳಿದು ಎರಡು ಪುಟ್ಟ ಕಿಟಕಿ ಬಿಡುತ್ತಾರೆ. ಒಂದಕ್ಕೆ ಮಾತ್ರ ಲೇಸರ್ ಹೊಡೆದು, ಹಲ್ಲನ್ನು ಕೆಲವು ದಿನ ಆಮ್ಲದಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಬರೀ ಕಿಟಕಿಯ ಕೆಳಗೆ ಆಮ್ಲ ಆಳಕ್ಕೆ ತಿಂದ ಕಪ್ಪು ಬೊಕ್ಕೆ. ಹದವಾಗಿ ಬೆಂದ ಕಿಟಕಿಯ ಕೆಳಗೆ ತೆಳುವಾದೊಂದು ಗೆರೆ.