ಸ್ವಿಮ್ ಡೈಪರ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಬೇಸಿಗೆಯ ಶಿಬಿರದಲ್ಲಿ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಪೂಲಿಗೆ ಅಂತ ಬೇರೆ ಡೈಪರ್ ತೊಗೊಳ್ಳಲೇಬೇಕಾ? ಮನೇಲಿರೋದನ್ನೇ ಹಾಕಿದರೆ ಆಗಲ್ವಾ?"

ಆಗುವುದಿಲ್ಲ. ಮಾಮೂಲಿ ಡೈಪರಿನಲ್ಲಿ ನೀರು ಹೀರಿ ಉಬ್ಬುವ ಪುಡಿ ಇರುತ್ತದೆ. ಮಗುವನ್ನು ಪೂಲಿಗೆ ಇಳಿಸಿದ ಕೂಡಲೇ ಅದು ಪೂಲಿನ ನೀರನ್ನೇ ಕುಡಿದು ಭಾರವಾಗಿ ಜಾರುತ್ತದೆ. ಸ್ವಿಮ್ ಡೈಪರ್ ಹಾಗೆ ಹೀರುವುದಿಲ್ಲ, ಆದ್ದರಿಂದ ಮೂತ್ರವನ್ನೂ ಹಿಡಿಯುವುದಿಲ್ಲ. ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ತಡೆಯುವುದಷ್ಟೇ ಅದರ ಕೆಲಸ.

ಇಷ್ಟು ತಿಳಿದರೆ ದುಡ್ಡು ಉಳಿಸುವ ದಾರಿ ತಾನಾಗಿ ಕಾಣುತ್ತದೆ. ಮನೆಯಲ್ಲೇ ತೊಡಿಸಿ ಕಾರಿನಲ್ಲಿ ಕೂರಿಸಬೇಡಿ. ಕಾರ್ ಸೀಟೂ ಒದ್ದೆ, ಡೈಪರೂ ದಂಡ. ನೀರಿಗೆ ಇಳಿಯುವ ಮುಂಚೆ ಹಾಕಿ, ಮೇಲೆ ಬಂದ ತಕ್ಷಣ ಮಾಮೂಲಿಯದಕ್ಕೆ ಬದಲಿಸಿ. ಬಳಸಿ ಎಸೆಯುವಂಥದು ಒಂದಕ್ಕೆ ಅರ್ಧ ಡಾಲರಿಗಿಂತ ಹೆಚ್ಚೇ ಬೀಳುತ್ತದೆ. ತೊಳೆದು ಬಳಸುವ ಬಟ್ಟೆಯದು ಸುಮಾರು 10-12 ಡಾಲರ್. ವಾರವಾರ ಈಜು ಕ್ಲಾಸಿಗೆ ಹೋಗುವ ಮಗುವಿಗೆ ಬಟ್ಟೆಯವು ಎರಡಿದ್ದರೆ ನಿಧಾನವಾಗಿ ಖರ್ಚು ಹುಟ್ಟುತ್ತದೆ, ಎಲಾಸ್ಟಿಕ್ ಚೆನ್ನಾಗಿದ್ದರೆ ತಮ್ಮನಿಗೋ ತಂಗಿಗೋ ಆಗುತ್ತದೆ. ವರ್ಷಕ್ಕೆ ಮೂರು ಸಲ ಜರ್ಸಿ ಶೋರ್‌ಗೆ ಹೋಗುವವರಿಗೆ ಮಾತ್ರ ಅದರಿಂದ ಲಾಭವಿಲ್ಲ. ಒಂದು ಸಣ್ಣ ಪ್ಯಾಕ್ ಸಾಕು. ಕೊಳ್ಳುವ ಮುಂಚೆ ಪೂಲಿನವರನ್ನು ಕೇಳಿ. ಕೆಲವರು ಎರಡನ್ನೂ ಒಂದರ ಮೇಲೊಂದು ಹಾಕಿ ಎನ್ನುತ್ತಾರೆ.

"ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ" ಎನ್ನುವ ನಮ್ಮ ಹಳೆಯ ಲೆಕ್ಕ ಅಂಗಿಗೆ ಸರಿ, ಇದಕ್ಕೆ ಸರಿಯಲ್ಲ. ಸೊಂಟ, ತೊಡೆಯ ಹತ್ತಿರ ಬಿಗಿಯಾಗಿ ಕೂರದಿದ್ದರೆ ಹಾಕಿಯೂ ಹಾಕದಂತೆ. ಎಸೆಯುವಂಥದನ್ನು ಒಗೆದು ಒಣಗಿಸಿ ಮತ್ತೆ ಹಾಕುವುದೂ ಬೇಡ, ಅದರ ಎಲಾಸ್ಟಿಕ್ ಸಡಿಲವಾಗುತ್ತದೆ.

ಇನ್ನು ಉಳಿಸಲೇಬಾರದ ಜಾಗ. ಮಗುವಿಗೆ ಭೇದಿ ಆಗುತ್ತಿದೆ, ಆದರೆ ಕ್ಲಾಸಿನ ಫೀಸು ಕಟ್ಟಿಯಾಗಿದೆ. "ಸ್ವಿಮ್ ಡೈಪರ್ ಇದೆಯಲ್ಲ" ಎಂದು ಕರೆದುಕೊಂಡು ಹೋಗುತ್ತಾರೆ. ತೆಳ್ಳಗಿನ ಮಲವನ್ನು, ಅದರಲ್ಲಿನ ರೋಗಾಣುಗಳನ್ನು ಯಾವ ಸ್ವಿಮ್ ಡೈಪರೂ ತಡೆಯಲಾರದು, ಎಷ್ಟೇ ದುಬಾರಿಯದಾಗಲಿ. ಕ್ಲೋರಿನ್ ಇದೆಯಲ್ಲ ಎಂದರೆ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಅದರಲ್ಲಿ ಬೇಗ ಸಾಯುತ್ತವೆ ನಿಜ. ಆದರೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಿರಬಲ್ಲದು. 2005ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಲೇಕ್ ಸ್ಟೇಟ್ ಪಾರ್ಕಿನ ನೀರಾಟದ ಜಾಗದಲ್ಲಿ, ಅದೇ ನೀರು ಮತ್ತೆ ಮತ್ತೆ ಚಿಮ್ಮುತ್ತಿದ್ದುದರಿಂದ, ಸಾವಿರಾರು ಜನ ಇದರಿಂದ ಕಾಯಿಲೆ ಬಿದ್ದರು. ಆಮೇಲೆ ಇಂಥ ಕಡೆ ನೀರನ್ನು ಅತಿನೇರಳೆ ಕಿರಣದಿಂದ ಶುದ್ಧಿ ಮಾಡಬೇಕೆಂದು ರಾಜ್ಯ ನಿಯಮ ತಂದಿತು.

ಆದ್ದರಿಂದ ಭೇದಿ ಇರುವಾಗ ನೀರು ಬೇಡ. ಕ್ರಿಪ್ಟೊ ಎಂದು ಗೊತ್ತಾದರೆ ಭೇದಿ ನಿಂತ ಮೇಲೂ ಎರಡು ವಾರ ಬೇಡ. ಆ ಒಂದೆರಡು ಕ್ಲಾಸಿನ ದುಡ್ಡು ಹೋದರೆ ಹೋಗಲಿ. ಕೆಲವು ಕಡೆ ಬದಲಿ ಕ್ಲಾಸ್ ಕೊಡುತ್ತಾರೆ, ಕೇಳಿ ನೋಡಿ.

ಗುಣವಾಗಿರುವ ಮಗುವಿನ ಡೈಪರನ್ನೂ ಗಂಟೆಗೊಮ್ಮೆ ನೋಡಿ. ಪೂಲಿನ ದಡದಲ್ಲಲ್ಲ, ಬಾತ್‌ರೂಮಿನಲ್ಲಿ ಬದಲಿಸಿ, ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಕ್ರಿಪ್ಟೊ ಮೇಲೆ ಕೆಲಸ ಮಾಡುವುದಿಲ್ಲ. ಊರಿನಿಂದ ಬಂದಿರುವ ಅಜ್ಜಿ-ತಾತ ಮಗುವನ್ನು ಕರೆದೊಯ್ಯುವುದಾದರೆ ಅವರಿಗೂ ಇದನ್ನು ಹೇಳಿಡಿ.

ಈಜಿ ಬಂದ ಕೆಲವು ದಿನಗಳಲ್ಲಿ ನೀರಿನಂಥ ಭೇದಿ ಶುರುವಾಗಿ ಮೂರು ದಿನವಾದರೂ ನಿಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆ ಇದ್ದರೆ ಮೂರು ದಿನ ಕಾಯಬೇಡಿ. ಪೂಲಿಗೆ ಹೋಗಿದ್ದನ್ನು ಮರೆಯದೆ ಹೇಳಿ. ಮಾಮೂಲಿ ಮಲಪರೀಕ್ಷೆಯಲ್ಲಿ ಕ್ರಿಪ್ಟೊ ಹಲವು ಸಲ ಸೇರಿರುವುದಿಲ್ಲ, ಅದನ್ನು ಹೆಸರು ಹೇಳಿಯೇ ಬರೆಸಬೇಕಾಗುತ್ತದೆ.