ಶ್ರೀಶೈಲದ ಕಾಡುಹಾದಿಯಲ್ಲಿ ಬಿಸಿಲಿನ ಆಘಾತ

ಯುಗಾದಿಯ ಜಾತ್ರೆಗೆಂದು ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುವ ನಮ್ಮ ಭಾಗದ ಸದ್ಭಕ್ತರು ಆತ್ಮಕೂರನ್ನು ದಾಟಿ, ವೆಂಕಟಾಪುರದ ಬಳಿ ನಲ್ಲಮಲದ ಅರಣ್ಯವನ್ನು ಪ್ರವೇಶಿಸುತ್ತಾರೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸದ್ವಾರವನ್ನು ಮುಟ್ಟುವ ಈ ಕಲ್ಲುಹಾದಿಯನ್ನು ಹಿರಿಯರು ನಿಂತು ನಿಂತು ಏರುತ್ತಾರೆ. ತರುಣರಲ್ಲಿ ಹಲವರು ಮಲ್ಲಯ್ಯನ ಜಯಘೋಷ ಮಾಡುತ್ತ ಓಡಿಯೇ ದಾಟಲು ಹವಣಿಸುತ್ತಾರೆ. ವೈದ್ಯನಾದ ನನಗೆ ಹಿರಿಯರ ಬಗೆಗಿರುವಷ್ಟೇ ಆತಂಕ ಈ ಓಡುವ ತರುಣರ ಬಗೆಗೂ ಇದೆ.

ಪಂಚಾಂಗದಂತೆ ಚೈತ್ರವು ವಸಂತ ಋತು. ವ್ಯಾಯಾಮಕ್ಕೆ ಆಯುರ್ವೇದವು ಸಮ್ಮತಿಸುವ ಕಾಲ. ಆದರೆ ನಲ್ಲಮಲದ ಕೊಳ್ಳಗಳಲ್ಲಿ ಆ ವೇಳೆಗೆ ಗ್ರೀಷ್ಮವೇ ಬಂದು ಕುಳಿತಿರುತ್ತದೆ. ಗ್ರೀಷ್ಮದಲ್ಲಿ ವ್ಯಾಯಾಮವನ್ನೂ ಬಿಸಿಲನ್ನೂ ವರ್ಜಿಸಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಯಾತ್ರಿಕನು ಎರಡನ್ನೂ ಬಿಡಲಾರ. ಆದುದರಿಂದ ಆತನಿಗೆ ಉಳಿಯುವುದು ಅರ್ಧಬಲದ ನಿಯಮ: ಉಸಿರು ಮೂಗನ್ನು ಬಿಟ್ಟು ಬಾಯಿಗೆ ಬಂದಿತೆಂದರೆ ಅರ್ಧ ಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಬೇಕು.

ಓಡುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯ ಬಹುಪಾಲು ಶಾಖವಾಗಿಯೇ ಹೊಮ್ಮುತ್ತದೆ. ಅದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಸಾಧನ ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಆರುವಾಗ ಮಾತ್ರ ಅದು ಮೈಯನ್ನು ತಂಪುಗೊಳಿಸುತ್ತದೆ. ಗಾಳಿಯಾಡದ ಕೊಳ್ಳದಲ್ಲಿ, ಬೆನ್ನಿಗೆ ಚೀಲ ಅಂಟಿರುವಾಗ, ಬೆವರು ತೊಟ್ಟಿಕ್ಕಿ ವ್ಯರ್ಥವಾಗುತ್ತದೆ. ಒಳಗಿನ ತಾಪ 104 ಡಿಗ್ರಿ ಫ್ಯಾರನ್‌ಹೀಟ್ ಮೀರಿ ಬುದ್ಧಿ ಕಲಕಿತೆಂದರೆ ಅದೇ ಬಿಸಿಲಿನ ಆಘಾತ.

ಕೆಲವು ವರ್ಷಗಳ ಹಿಂದೆ ಭೀಮನಕೊಳ್ಳದ ಏರಿನಲ್ಲಿ ಇಪ್ಪತ್ತರ ಆಸುಪಾಸಿನ ತರುಣನೊಬ್ಬನು ತೂರಾಡುತ್ತ, ಮಲ್ಲಯ್ಯನ ನಾಮವನ್ನು ತೊದಲುತ್ತ ಬರುತ್ತಿದ್ದನು. ಭಕ್ತಿಪರವಶನಾಗಿದ್ದಾನೆಂದು ಭಾವಿಸಿ ಸುತ್ತಲಿನವರು ಕೈಮುಗಿದು ದಾರಿಬಿಟ್ಟರು. ನಾನು ಹೆಸರು ಕೇಳಿದೆ, ಊರು ಕೇಳಿದೆ, ಉತ್ತರಿಸಲು ಆತನಿಂದಾಗಲಿಲ್ಲ. ಮೈ ಕೆಂಡದಂತಿತ್ತು. ಆದರೂ ಬೆವರು ಸುರಿಯುತ್ತಲೇ ಇತ್ತು. ಬಿಸಿಲಿನ ಆಘಾತದಲ್ಲಿ ಚರ್ಮ ಒಣಗಿರಲೇಬೇಕೆಂಬ ತಿಳಿವಳಿಕೆ ಓಡಿ ಬಳಲಿದವರ ವಿಷಯದಲ್ಲಿ ಸರಿಯಲ್ಲ. ನೆರಳಿನಲ್ಲಿ ಮಲಗಿಸಿ, ಅಂಗಿ ಕಳಚಿ, ಎಲ್ಲರ ಬಾಟಲಿಗಳ ನೀರನ್ನೂ ಆತನ ಮೇಲೆ ಸುರಿಸಿ, ಪಂಚೆಗಳಿಂದ ಬೀಸಿಸಿದೆ. ಕುಡಿಯುವ ನೀರನ್ನು ಹೀಗೆ ಚೆಲ್ಲಬಹುದೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ದೃಷ್ಟಿಯಲ್ಲಿ ಅದು ನ್ಯಾಯವೇ ಆಗಿತ್ತು. ಸ್ವಲ್ಪ ಹೊತ್ತಿನ ಬಳಿಕ ತರುಣನು ತನ್ನ ಊರಿನ ಹೆಸರು ಹೇಳಿದನು. ಅನಂತರ ಆತನನ್ನು ಹೊತ್ತು ಮೇಲಕ್ಕೆ ಸಾಗಿಸಿ ಆಸ್ಪತ್ರೆಗೆ ಸೇರಿಸಲಾಯಿತು.

ಮೊದಲು ತಂಪು, ಆಮೇಲೆ ಸಾಗಾಟ: ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿಯುವುದರ ಮೇಲೆ ಜೀವ ನಿಂತಿರುತ್ತದೆ. ಕೊರಳು, ಕಂಕುಳು, ತೊಡೆಸಂದುಗಳಲ್ಲಿ ಒದ್ದೆಬಟ್ಟೆ ಇರಿಸಿ ಮತ್ತೆ ಮತ್ತೆ ಬದಲಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನಾಗಲಿ ತೀರ್ಥವನ್ನಾಗಲಿ ಹಾಕಲಾಗದು, ಅದು ಶ್ವಾಸಕೋಶಕ್ಕಿಳಿಯುತ್ತದೆ. ಜ್ವರದ ಮಾತ್ರೆಯಿಂದ ಈ ತಾಪ ಇಳಿಯದು. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ, ನನ್ನ ಯಾವ ಕಷಾಯವೂ ಇಲ್ಲಿ ಉಪಯೋಗಕ್ಕೆ ಬಾರದು. 108ಕ್ಕೆ ಕರೆಮಾಡಬೇಕು. ಕಾಡಿನಲ್ಲಿ ಎಲ್ಲೆಡೆ ಸಿಗ್ನಲ್ ಸಿಗದ ಕಾರಣ ತಂಡದಿಂದ ಹಿಂದುಳಿದು ಅಥವಾ ಮುಂದೋಡಿ ಒಂಟಿಯಾಗುವುದೇ ದೊಡ್ಡ ಅಪಾಯ.

ಬಿಸಿಲಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಊರಿನಿಂದಲೇ ನಡೆದು ಬಂದವರಿಗೆ ಇದು ತಾನಾಗಿ ಲಭಿಸುತ್ತದೆ. ವೆಂಕಟಾಪುರದವರೆಗೆ ವಾಹನದಲ್ಲಿ ಬಂದು ಅಲ್ಲಿಂದ ಓಡುವವರಿಗೆ ಇರುವುದಿಲ್ಲ.

ಗ್ರೀಷ್ಮದಲ್ಲಿ ಉಪ್ಪು ಬೇಡವೆಂದೂ ಶಾಸ್ತ್ರ ಹೇಳುತ್ತದೆ. ಅದು ನೆರಳಿನಲ್ಲಿರುವವನಿಗೆ ಹೇಳಿದ ಮಾತೆಂದು ನನ್ನ ಅಭಿಪ್ರಾಯ. ತಾಸುಗಟ್ಟಲೆ ಬೆವರುವವನು ಉಪ್ಪನ್ನೂ ಕಳೆದುಕೊಳ್ಳುತ್ತಾನೆ. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ, ಸೆಳೆತಗಳು ತಲೆದೋರಬಹುದು. ದಾಸೋಹದಲ್ಲಿ ದೊರೆಯುವ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಉತ್ತಮ. ಅದಿಲ್ಲದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಚಮಚ ತುಂಬಿ ಗೋಪುರವಾಗಬಾರದು.

ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಬೇಕು; ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬರಿಗಾಲಿನ ಹರಕೆ ಹೊತ್ತ ಮಧುಮೇಹಿಗಳ ಅಂಗಾಲಿಗೆ ಕಾದ ಕಲ್ಲಿನ ಸುಡುವಿಕೆ ತಿಳಿಯದೆಯೇ ಹೋಗಬಹುದು. ಅಂಥವರು ಪ್ರತಿ ತಂಗುದಾಣದಲ್ಲಿ ಜೊತೆಗಾರರಿಂದ ಅಂಗಾಲನ್ನು ನೋಡಿಸಿಕೊಳ್ಳಲಿ.