2520 ‘ವಿಚಿತ್ರ ಸಂಖ್ಯೆ’ಯನ್ನು ಕಂಡುಹಿಡಿದದ್ದು ರಾಮಾನುಜನ್ ಅವರೇ?

ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಸುತ್ತುವ ಸಂದೇಶವೊಂದನ್ನು ನೀವೂ ನೋಡಿರಬಹುದು. 2520 ಒಂದು ವಿಚಿತ್ರ ಸಂಖ್ಯೆ, ಅದನ್ನು 1ರಿಂದ 10ರವರೆಗಿನ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ, ಇಂಥ ಇನ್ನೊಂದು ಸಂಖ್ಯೆ ಸಿಗುವುದು ಕಷ್ಟ, ಇದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಎಂಬುದು ಅದರ ಸಾರಾಂಶ. ಇದರಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ಶೇಷ ಉಳಿಯುವುದಿಲ್ಲವೇ?

ನಿಜ. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಭಾಗಿಸಿ ನೋಡಬಹುದು. ಆದರೆ ಇದರಲ್ಲಿ ಪವಾಡವೇನೂ ಇಲ್ಲ. ಶಾಲೆಯಲ್ಲಿ ಕಲಿತ ಲ.ಸಾ.ಅ. ನೆನಪಿದೆಯೇ? 8, 9, 5 ಮತ್ತು 7 ಇವುಗಳನ್ನು ಗುಣಿಸಿದರೆ 2520 ಬರುತ್ತದೆ. 8 ಇದ್ದಮೇಲೆ 2 ಮತ್ತು 4 ಅದರೊಳಗೇ ಇವೆ. 9ರೊಳಗೆ 3 ಇದೆ. 2 ಮತ್ತು 3 ಸೇರಿ 6, 2 ಮತ್ತು 5 ಸೇರಿ 10. ಅಲ್ಲಿಗೆ ಹತ್ತೂ ಸಂಖ್ಯೆಗಳ ಲೆಕ್ಕ ಮುಗಿಯಿತು.

ಇಂಥ ಬೇರೆ ಸಂಖ್ಯೆ ಇಲ್ಲವೇ?

ತಪ್ಪು. 5040, 7560, 10080 ಹೀಗೆ 2520ರ ಮಗ್ಗಿಯಲ್ಲಿ ಬರುವ ಪ್ರತಿಯೊಂದು ಸಂಖ್ಯೆಗೂ ಇದೇ ಗುಣವಿದೆ. 2520 ಅವುಗಳಲ್ಲಿ ಅತಿ ಚಿಕ್ಕದು, ಅಷ್ಟೇ. ಇದೇ ರೀತಿ 1ರಿಂದ 20ರವರೆಗಿನ ಎಲ್ಲ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆಯೂ ಇದೆ: 23,27,92,560.

ವಾರ, ತಿಂಗಳು, ವರ್ಷದ ‘ರಹಸ್ಯ’

ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ 2520 ಎಂದೂ ಸಂದೇಶ ಹೇಳುತ್ತದೆ. ಗುಣಾಕಾರ ಸರಿಯಾಗಿದೆ. ಆದರೆ 30 ಮತ್ತು 12ನ್ನು ಗುಣಿಸಿದರೆ 360 ಬರುತ್ತದೆ. 8, 9 ಮತ್ತು 5 ಗುಣಿಸಿದರೂ 360. ಅದಕ್ಕೇ ಎರಡೂ ದಾರಿಯಲ್ಲಿ ಒಂದೇ ಉತ್ತರ. ನಮ್ಮ ವರ್ಷಕ್ಕಂತೂ 360 ದಿನಗಳಲ್ಲ, 365.

ಕಂಡುಹಿಡಿದವರು ಯಾರು?

ರಾಮಾನುಜನ್ ಹುಟ್ಟಿದ್ದು 1887ರಲ್ಲಿ. ಲ.ಸಾ.ಅ. ಕಂಡುಹಿಡಿಯುವ ವಿಧಾನ ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದ ಗ್ರಂಥದಲ್ಲೇ ಇದೆ. ನಮ್ಮ ನಾಡಿಗೂ ಇದರ ನಂಟಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಭಿನ್ನರಾಶಿಗಳನ್ನು ಕೂಡಲು ಲ.ಸಾ.ಅ. ಬಳಸುವುದನ್ನು ಅದರಲ್ಲಿ ವಿವರಿಸಿ, ಅದನ್ನು ‘ನಿರುದ್ಧ’ ಎಂದು ಕರೆದಿದ್ದಾರೆ.

ಹಾಗಾದರೆ ರಾಮಾನುಜನ್‌ಗೂ 2520ಕ್ಕೂ ಸಂಬಂಧವೇ ಇಲ್ಲವೇ? ಇದೆ. ತನಗಿಂತ ಚಿಕ್ಕದಾದ ಯಾವುದೇ ಸಂಖ್ಯೆಗಿಂತ ಹೆಚ್ಚು ಸಂಖ್ಯೆಗಳಿಂದ ಭಾಗವಾಗುವ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. 2520 ಅಂಥದ್ದೊಂದು ಸಂಖ್ಯೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 48. ಇಂಥ ಸಂಖ್ಯೆಗಳು ಎಷ್ಟು ದೂರಕ್ಕೊಮ್ಮೆ ಬರುತ್ತವೆ, ಅವುಗಳ ರಚನೆ ಹೇಗಿರುತ್ತದೆ ಎಂಬುದನ್ನು ವಿವರಿಸಿದ್ದು ಅವರ ನಿಜವಾದ ಸಾಧನೆ.

ಕೊನೆಯ ಮಾತು

ಸಂದೇಶದ ಲೆಕ್ಕ ಸರಿ, ಇತಿಹಾಸ ತಪ್ಪು. ಶಾಲಾ ಮಕ್ಕಳೂ ಮಾಡಬಲ್ಲ ಲೆಕ್ಕವನ್ನು ರಾಮಾನುಜನ್ ಹೆಸರಿಗೆ ಅಂಟಿಸಿದರೆ ಅವರ ಗೌರವ ಹೆಚ್ಚುವುದಿಲ್ಲ. ಅವರು ನಿಜವಾಗಿ ಮಾಡಿದ ಕೆಲಸ ಮರೆಯಾಗುತ್ತದೆ. ಮುಂದಿನ ಸಲ ಈ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಬದಲು, 1ರಿಂದ 12ರವರೆಗೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಯಾವುದು ಎಂದು ಮನೆಯ ಮಕ್ಕಳನ್ನು ಕೇಳಿ. ಉತ್ತರ 27,720.